ಹಳೇ ಬೈಕಿನ ಪಾಯಿಂಟ್ ಮತ್ತು ಇಗ್ನಿಷನ್ ಕಾಯಿಲ್ ಬದಲಿಸುವುದು: ತಪಾಸಣೆಯಿಂದ ಟೈಮಿಂಗ್‌ವರೆಗೆ

ಹಳೇ ಬೈಕು ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾಗುತ್ತದೆ. ಒಮ್ಮೆ ಆಫ್ ಆದರೆ ತಣ್ಣಗಾಗುವ ತನಕ ಎಷ್ಟು ಕಿಕ್ ಹೊಡೆದರೂ ಕೇಳುವುದಿಲ್ಲ. ನೋಡಿದವರೆಲ್ಲ "ಕಾಯಿಲ್ ಹೋಗಿದೆ" ಅನ್ನುತ್ತಾರೆ. ಪ್ಲಗ್ಗಿನ ಕಿಡಿಗೆ ಬೇಕಾದ ವೋಲ್ಟೇಜ್ ಎಬ್ಬಿಸುವ ಭಾಗ ಅದು. ಹೋಗಿರಲೂಬಹುದು. ಆದರೆ ಕಂಡೆನ್ಸರ್ ಕೆಟ್ಟರೂ ಹೀಗೇ ಆಗುತ್ತದೆ. ಸ್ವಿಚ್ಚಿನೊಳಗೆ ಕಿಲುಬು ಹಿಡಿದು ಕಾಯಿಲಿಗೆ ಪೂರ್ತಿ ವೋಲ್ಟೇಜ್ ಸಿಗದಿದ್ದರೂ ಹೀಗೇ ಆಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಸ್ಪಾನರ್‌ಗಿಂತ ಮೊದಲು ಮಲ್ಟಿಮೀಟರ್ ಕೈಗೆ ಬರಬೇಕು. ಹಳೇ ಬೈಕುಗಳಲ್ಲಿ ಕಾಯಿಲಿನ ಮೇಲೆ ಬರುವ ಅಪವಾದ ಜಾಸ್ತಿ, ಅದರ ನಿಜವಾದ ತಪ್ಪು ಕಡಿಮೆ.

ಕಿಡಿ ಹುಟ್ಟುವ ಬಗೆ

1910ರ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆ ಇದು. ಕಾಯಿಲಿನೊಳಗೆ ಎರಡು ಸುತ್ತುಗಳಿವೆ. ದಪ್ಪ ತಂತಿಯ ಪ್ರೈಮರಿಗೆ ಸುತ್ತು ಕಡಿಮೆ, ಕೂದಲಿನಷ್ಟು ಸಣ್ಣ ತಂತಿಯ ಸೆಕೆಂಡರಿಗೆ ಸಾವಿರಾರು ಸುತ್ತು. ಪಾಯಿಂಟ್ ಅಂದರೆ ಈ ಕರೆಂಟನ್ನು ಸೇರಿಸಿ ಕಡಿಯುವ ಪುಟ್ಟ ಸ್ವಿಚ್. ಅದು ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿದು ಕಾಯಿಲಿನಲ್ಲಿ ಕಾಂತಶಕ್ತಿ ತುಂಬುತ್ತದೆ. ಇಂಜಿನ್ ಜೊತೆ ತಿರುಗುವ ಕ್ಯಾಮಿನ ಉಬ್ಬು ಬಂದು ಪಾಯಿಂಟನ್ನು ತೆರೆದ ಕ್ಷಣ ಕರೆಂಟ್ ಕಡಿದು ಆ ಶಕ್ತಿ ಕುಸಿಯುತ್ತದೆ. ಆಗ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ನೆನಪಿಡಿ, ಕಿಡಿ ಬರುವುದು ಪಾಯಿಂಟ್ ಮುಚ್ಚಿದಾಗ ಅಲ್ಲ, ತೆರೆದಾಗ. ಟೈಮಿಂಗ್, ಅಂದರೆ ಕಿಡಿ ಬರುವ ಕ್ಷಣ, ಹೊಂದಿಸುವ ಕೆಲಸವೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಕಂಡೆನ್ಸರ್ ಪಾಯಿಂಟಿಗೆ ಸಮಾನಾಂತರವಾಗಿ ಕೂತಿರುತ್ತದೆ. ಪಾಯಿಂಟ್ ತೆರೆಯುವಾಗ ಪ್ರೈಮರಿಯಲ್ಲೇ ಕೆಲವು ನೂರು ವೋಲ್ಟ್ ಏಳುತ್ತದೆ. ಅದನ್ನು ಕಂಡೆನ್ಸರ್ ಹೀರಿಕೊಳ್ಳದಿದ್ದರೆ ಪಾಯಿಂಟಿನ ನಡುವೆಯೇ ಕಿಡಿ ಹಾರಿ ಕರೆಂಟ್ ಪೂರ್ತಿ ಕಡಿಯುವುದಿಲ್ಲ. ಪಾಯಿಂಟೂ ಸುಡುತ್ತದೆ, ಪ್ಲಗ್ಗಿನ ಕಿಡಿಯೂ ಸೊರಗುತ್ತದೆ.

ನಿಮ್ಮ ಬೈಕು ಯಾವ ಬಗೆಯದು

ಮೇಲೆ ಹೇಳಿದ್ದು ಬ್ಯಾಟರಿ-ಕಾಯಿಲ್ ವ್ಯವಸ್ಥೆ. ಕೆಲವು ಸಣ್ಣ ಬೈಕುಗಳಲ್ಲಿ ಬ್ಯಾಟರಿಯ ಹಂಗಿಲ್ಲದ ಫ್ಲೈವೀಲ್ ಮ್ಯಾಗ್ನೆಟೋ ಇರುತ್ತದೆ. ಅಲ್ಲಿ ಪಾಯಿಂಟ್ ಫ್ಲೈವೀಲಿನ ಹಿಂದೆ ಅಡಗಿರುತ್ತದೆ. ಪಾಯಿಂಟ್ ತೆರೆದಾಗಿನ ಅಂತರವನ್ನು, ಅಂದರೆ ಗ್ಯಾಪನ್ನು, ಫ್ಲೈವೀಲಿನ ಕಿಂಡಿಯಿಂದಲೇ ನೋಡಬಹುದು, ಪಾಯಿಂಟ್ ತೆಗೆಯಬೇಕಾದರೆ ಮಾತ್ರ ಫ್ಲೈವೀಲನ್ನು ಎಳೆದು ಕಳಚುವ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದು ಬಿಚ್ಚುವ ಯೋಚನೆ ಬೇಡವೇ ಬೇಡ. ಆ ಬೈಕಿಗೆ ಬ್ಯಾಟರಿ ಬೈಕಿನ ಕಾಯಿಲ್ ಹಾಕಬೇಡಿ, ಸರಿಹೋಗುವುದಿಲ್ಲ. ಇಲ್ಲಿಂದ ಮುಂದೆ ನಾನು ಬರೆಯುವುದು ಬ್ಯಾಟರಿ-ಕಾಯಿಲ್ ಬೈಕುಗಳ ಬಗ್ಗೆ.

ಇನ್ನೆರಡು ವಿಷಯ ಖಚಿತ ಮಾಡಿಕೊಳ್ಳಿ. ಬೈಕು 6 ವೋಲ್ಟಿನದೋ 12ರದೋ? ಫ್ರೇಮಿಗೆ ಸೇರಿರುವುದು ಬ್ಯಾಟರಿಯ ಯಾವ ತುದಿ? ಹಳೇ ಬ್ರಿಟಿಷ್ ಬೈಕುಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯ. ಜಪಾನಿನವುಗಳಲ್ಲಿ ನೆಗೆಟಿವ್.

ಬಿಚ್ಚುವ ಮೊದಲು ಅಳತೆ

ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.6ರ ಹತ್ತಿರ ತೋರಿಸಬೇಕು. ಆಮೇಲೆ ಪಾಯಿಂಟ್ ಮುಚ್ಚಿರುವ ಜಾಗಕ್ಕೆ ಇಂಜಿನ್ ತಿರುಗಿಸಿ, ಕೀ ಆನ್ ಮಾಡಿ, ಕಾಯಿಲಿಗೆ ಸ್ವಿಚ್ ಕಡೆಯಿಂದ ಬರುವ ವೋಲ್ಟೇಜ್ ಅಳೆಯಿರಿ. ಪಾಯಿಂಟ್ ಮುಚ್ಚಿಯೇ ಇರಬೇಕು. ತೆರೆದಿದ್ದರೆ ಕರೆಂಟ್ ಹರಿಯುವುದಿಲ್ಲ, ಎಷ್ಟೇ ಕೆಟ್ಟ ವೈರಿಂಗ್ ಇದ್ದರೂ ಮೀಟರ್ ಪೂರ್ತಿ 12 ತೋರಿಸಿ ದಾರಿ ತಪ್ಪಿಸುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ವೋಲ್ಟೇಜನ್ನೂ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಾಯಿಲನ್ನು ದೂರುವ ಮೊದಲು ಇಗ್ನಿಷನ್ ಸ್ವಿಚ್, ಕಿಲ್ ಸ್ವಿಚ್, ಫ್ಯೂಸ್ ಹೋಲ್ಡರ್, ಕನೆಕ್ಟರ್‌ಗಳನ್ನು ಬಿಚ್ಚಿ ಉಜ್ಜಿ. ಒಂದೂವರೆ, ಎರಡು ವೋಲ್ಟ್ ಕಳೆದುಕೊಂಡಿರುವ ಬೈಕುಗಳು ಬೇಕಾದಷ್ಟಿವೆ. ಅವಕ್ಕೆ ಎಂಥ ಹೊಸ ಕಾಯಿಲ್ ಹಾಕಿದರೂ ಸುಮ್ನೆ ದಂಡ.

ಅಳತೆ ಮುಗಿದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿದ್ದು ಕೀ ಆನ್ ಇದ್ದರೆ 3-4 ಆಂಪಿಯರ್ ಕರೆಂಟ್ ನಿಲ್ಲದೆ ಹರಿದು ಕಾಯಿಲ್ ಕಾಯುತ್ತದೆ. ಹಾಗೇ ಮರೆತುಬಿಟ್ಟರೆ ಚೆನ್ನಾಗಿದ್ದ ಕಾಯಿಲೂ ಹಾಳಾಗಬಹುದು. ಇಡೀ ಕೆಲಸದ ಉದ್ದಕ್ಕೂ ಈ ಎಚ್ಚರ ಇರಲಿ.

ಈಗ ಕಾಯಿಲಿನ ಸರದಿ. ಅದರ ವೈರ್‌ಗಳನ್ನು ಕಳಚಿ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಓಮ್ ಅಳೆಯಿರಿ. ಪಾಯಿಂಟ್ ಬೈಕಿನ 12 ವೋಲ್ಟ್ ಕಾಯಿಲಿಗೆ ಸಾಮಾನ್ಯವಾಗಿ 3ರಿಂದ 5 ಓಮ್ ಬರುತ್ತದೆ, 6 ವೋಲ್ಟಿನದಕ್ಕೆ 1ರಿಂದ 2. ಇಷ್ಟು ಸಣ್ಣ ಅಳತೆಯಲ್ಲಿ ಮೀಟರಿನ ವೈರಿನ ತಡೆಯೂ ಲೆಕ್ಕಕ್ಕೆ ಬರುತ್ತದೆ. ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಎಷ್ಟು ತೋರಿಸುತ್ತದೋ ಅದನ್ನು ಕಳೆಯಿರಿ. ಸೆಕೆಂಡರಿ ಸಾವಿರಗಳ ಲೆಕ್ಕದಲ್ಲಿರುತ್ತದೆ, ಬಹಳಷ್ಟು ಕಾಯಿಲುಗಳಲ್ಲಿ 5ರಿಂದ 15 ಕಿಲೋಓಮ್. ಪ್ಲಗ್ ಕ್ಯಾಪ್ ತೆಗೆದು ಅಳೆಯಿರಿ. ಹಲವು ಕ್ಯಾಪ್‌ಗಳ ಒಳಗೇ 5 ಕಿಲೋಓಮ್ ರೆಸಿಸ್ಟರ್ ಇರುತ್ತದೆ. ನಿಮ್ಮ ಮಾದರಿಯ ಮ್ಯಾನುವಲ್ ಇದ್ದರೆ ಅದರ ಅಂಕಿಯೇ ಕೊನೆಯ ಮಾತು.

ಅಳತೆ ಸರಿ ಬಂತು ಅಂದಮಾತ್ರಕ್ಕೆ ಕಾಯಿಲ್ ನಿರಪರಾಧಿ ಅಂತಲ್ಲ. ಮೀಟರ್ ತನ್ನ ಸಣ್ಣ ಬ್ಯಾಟರಿಯಿಂದ ನೋಡುತ್ತದೆ. ಸಾವಿರಾರು ವೋಲ್ಟ್ ಎದ್ದಾಗ ಒಳಗಿನ ಇನ್ಸುಲೇಷನ್ ಸೋರುವುದು ಅದಕ್ಕೆ ಕಾಣುವುದಿಲ್ಲ. ಬಿಸಿಯಾದಾಗ ಮಾತ್ರ ತೊಂದರೆ ಬರುವ ಬೈಕಿನಲ್ಲಿ, ಅದು ಕೈಕೊಟ್ಟ ಕ್ಷಣದಲ್ಲೇ ಮತ್ತೆ ಅಳೆಯಿರಿ. ಕತ್ತಲಲ್ಲಿ ಇಂಜಿನ್ ಓಡಿಸಿ ಕಾಯಿಲ್ ಮತ್ತು ಎಚ್‌ಟಿ ವೈರ್ (ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ದಪ್ಪ ವೈರ್) ಸುತ್ತ ನೀಲಿ ಕಿಡಿ ಹರಿದಾಡುತ್ತಿದೆಯಾ ಅಂತಲೂ ನೋಡಿ. ಕಾಯಿಲಿನ ಮೈಮೇಲೆ ಸಣ್ಣ ಬಿರುಕು, ಕಪ್ಪು ಗೆರೆ ಇದ್ದರೆ ಯೋಚನೆಯೇ ಬೇಡ, ಬದಲಿಸಿ.

ಪಾಯಿಂಟಿನ ಮುಖ ಓದುವುದು

ಪಾಯಿಂಟ್ ಕವರ್ ತೆಗೆದು, ಸಣ್ಣ ಸ್ಕ್ರೂಡ್ರೈವರ್‌ನಿಂದ ಪಾಯಿಂಟ್ ಬಿಡಿಸಿ, ಟಾರ್ಚ್ ಹಾಕಿ ನೋಡಿ. ಆರೋಗ್ಯವಾಗಿರುವ ಪಾಯಿಂಟಿನ ಮುಖ ತಿಳಿ ಬೂದು ಬಣ್ಣದಲ್ಲಿ, ಮಂಕಾಗಿ, ಸಮನಾಗಿರುತ್ತದೆ. ನೀಲಿಗಟ್ಟಿದ್ದರೆ ಕರೆಂಟ್ ಜಾಸ್ತಿ ಹರಿದಿದೆ, ಇಲ್ಲವೇ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಕರೀ ಮಸಿ ಮೆತ್ತಿದ್ದರೆ ಎಣ್ಣೆ ಬಂದಿದೆ. ಕ್ಯಾಮ್‌ಗೆ ಗ್ರೀಸ್ ಜಾಸ್ತಿ ಆಗಿರಬೇಕು, ಅಥವಾ ಹಿಂದಿನ ಆಯಿಲ್ ಸೀಲ್ ಸೋರುತ್ತಿರಬೇಕು. ಸೀಲ್ ಸರಿಮಾಡದೆ ಹೊಸ ಪಾಯಿಂಟ್ ಹಾಕಿದರೆ ಅದೂ ಬೇಗ ಹಾಗೇ ಆಗುತ್ತದೆ.

ಒಂದು ಮುಖದಲ್ಲಿ ಗುಂಡಿ, ಎದುರಿನದರಲ್ಲಿ ಅದಕ್ಕೆ ಸರಿಹೊಂದುವ ಗುಡ್ಡೆ ಎದ್ದಿದ್ದರೆ ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಲಸೆ ಹೋಗಿದೆ. ಇದು ವಯಸ್ಸಿನಿಂದಲೂ ಬರುತ್ತದೆ, ಕಂಡೆನ್ಸರಿನ ಅಳತೆ ಹೊಂದದಿದ್ದರೂ ಬರುತ್ತದೆ. ಇಂಥ ಪಾಯಿಂಟಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಎಲೆಗಳ ಅಳತೆ ಸಾಧನ) ಇಟ್ಟು ಗ್ಯಾಪ್ ನೋಡುವುದರಲ್ಲಿ ಅರ್ಥವಿಲ್ಲ. ಗೇಜಿನ ಎಲೆ ಗುಡ್ಡೆಯ ತುದಿಗೆ ತಾಗುತ್ತದೆ, ನಿಜವಾದ ಅಂತರ ಅದಕ್ಕಿಂತ ಜಾಸ್ತಿ ಇರುತ್ತದೆ. ದಾರಿಯಲ್ಲಿ ಕೈಕೊಟ್ಟಾಗ ಪಾಯಿಂಟ್ ಫೈಲ್‌ನಿಂದ ಗುಡ್ಡೆ ಉಜ್ಜಿ ಮನೆ ಸೇರಬಹುದು. ಅದು ತಾತ್ಕಾಲಿಕ. ಎಮರಿ ಪೇಪರ್ ಮಾತ್ರ ಬೇಡ, ಅದರ ಹರಳು ಮುಖದಲ್ಲಿ ಕೂತುಬಿಡುತ್ತದೆ.

ಕಂಡೆನ್ಸರ್ ಬಗ್ಗೆ ಒಂದು ಮಾತು. ಪಾಯಿಂಟ್ ಜೊತೆ ಅದನ್ನೂ ಕಣ್ಣುಮುಚ್ಚಿ ಬದಲಿಸುವ ರೂಢಿ ಇದೆ. ನಾನು ಒಪ್ಪುವುದಿಲ್ಲ. ಹಳೇ ಪಾಯಿಂಟಿನ ಮುಖ ಬೂದು ಬಣ್ಣದಲ್ಲಿ ಸ್ವಚ್ಛವಾಗಿದ್ದರೆ ಆ ಕಂಡೆನ್ಸರ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ಬಿಡಿ, ಹೊಸದನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಮುಖ ಸುಟ್ಟಿದ್ದರೆ, ಅಥವಾ ಇಂಜಿನ್ ಓಡುವಾಗ ಪಾಯಿಂಟಿನ ನಡುವೆ ದಪ್ಪ ಕಿಡಿ ಎದ್ದು ಕಾಣುತ್ತಿದ್ದರೆ ಬದಲಿಸಿ. ಬಹಳಷ್ಟು ಬೈಕುಗಳಿಗೆ ಅಳತೆ 0.2 ಮೈಕ್ರೋಫ್ಯಾರಡ್ ಆಸುಪಾಸಿನದು.

ಪಾಯಿಂಟ್ ಬದಲಿಸುವುದು

ಬೇಕಾದದ್ದು ಇಷ್ಟು: ಸರಿಯಾದ ಸ್ಕ್ರೂಡ್ರೈವರ್, ಸಣ್ಣ ಸ್ಪಾನರ್‌ಗಳು, ಫೀಲರ್ ಗೇಜ್, ಮಲ್ಟಿಮೀಟರ್, ಎರಡು ವೈರ್ ಜೋಡಿಸಿದ ಇಂಡಿಕೇಟರ್ ಬಲ್ಬ್, ಪಾಯಿಂಟ್ ಗ್ರೀಸ್, ಐಸೊಪ್ರೊಪೈಲ್ ಆಲ್ಕೋಹಾಲ್, ದಪ್ಪ ಬಿಳಿ ಕಾಗದ. ಜಪಾನಿನ ಬೈಕುಗಳ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಮಾಮೂಲಿ ಫಿಲಿಪ್ಸ್ ತುದಿ ಅದರಲ್ಲಿ ಜಾರಿ ತಲೆ ಕೊರೆದುಹಾಕುತ್ತದೆ.

ಪ್ಲಗ್ ತೆಗೆದುಬಿಡಿ, ಇಂಜಿನ್ ಹಗುರವಾಗಿ ತಿರುಗುತ್ತದೆ. ಬ್ಯಾಟರಿಯ ಒಂದು ವೈರ್ ಕಳಚಿ. ಪಾಯಿಂಟಿನ ಎರಡು ಮೂರು ಫೋಟೋ ತೆಗೆಯಿರಿ. ಪಾಯಿಂಟನ್ನು ಹೊತ್ತ ಬೇಸ್ ಪ್ಲೇಟ್ ಈಗ ಎಲ್ಲಿ ಕೂತಿದೆಯೋ ಅಲ್ಲಿ, ಪ್ಲೇಟಿಗೂ ಕೇಸಿಂಗಿಗೂ ಸೇರುವಂತೆ ಒಂದು ಗೀರು ಹಾಕಿ. ಕೆಳಗೆ ಬಟ್ಟೆ ತುರುಕಿ. ಈ ಸ್ಕ್ರೂಗಳು ಚಿಕ್ಕವು, ಬಿದ್ದರೆ ಹುಡುಕುವುದು ಕಷ್ಟ.

ವೈರ್ ಬಿಚ್ಚುವ ಮೊದಲು ಟರ್ಮಿನಲ್ ಬೋಲ್ಟಿನಲ್ಲಿ ವಾಷರ್‌ಗಳು ಯಾವ ಕ್ರಮದಲ್ಲಿವೆ ಅಂತ ಸರಿಯಾಗಿ ನೋಡಿಕೊಳ್ಳಿ. ಹೊಸ ಪಾಯಿಂಟ್ ಹಾಕಿದ ಮೇಲೆ ಕಿಡಿಯೇ ಬರದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಕಾಯಿಲಿನ ವೈರ್, ಕಂಡೆನ್ಸರ್ ವೈರ್, ಪಾಯಿಂಟಿನ ಸ್ಪ್ರಿಂಗ್, ಈ ಮೂರೂ ಒಂದಕ್ಕೊಂದು ಮುಟ್ಟಿಕೊಂಡಿರಬೇಕು. ಆದರೆ ಈ ಮೂರರಲ್ಲಿ ಯಾವುದೂ, ಆ ಬೋಲ್ಟ್ ಕೂಡ, ಬೇಸ್ ಪ್ಲೇಟಿನ ಲೋಹವನ್ನು ಮುಟ್ಟಬಾರದು. ನಡುವೆ ಫೈಬರ್ ವಾಷರ್, ಬುಷ್ ಇರಬೇಕು. ಒಂದು ವಾಷರ್ ಆಚೀಚೆ ಆದರೂ ಪಾಯಿಂಟ್ ಯಾವಾಗಲೂ ಅರ್ಥ್ ಆಗಿಯೇ ಇರುತ್ತದೆ, ಕರೆಂಟ್ ಕಡಿಯುವುದೇ ಇಲ್ಲ.

ಪ್ಲೇಟ್ ಹೊರಗೆ ಬಂದಾಗ ಹಿಂದಿರುವ ಅಡ್ವಾನ್ಸ್ ಯೂನಿಟ್ ನೋಡದೆ ಬಿಡಬೇಡಿ. ವೇಗ ಏರಿದಂತೆ ಅದರ ತೂಕಗಳು ಹೊರಕ್ಕೆ ಹಾರಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ, ಕಿಡಿ ಬೇಗ ಬರುತ್ತದೆ. ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಡಿ. ಸ್ಪ್ರಿಂಗ್ ಎಳೆದು ಪಟ್ಟನೆ ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ಅಥವಾ ನಡುವೆ ನಿಂತರೆ ಬಿಚ್ಚಿ, ತೊಳೆದು, ತೆಳುವಾಗಿ ಗ್ರೀಸ್ ಹಚ್ಚಿ. ಕೆಲವು ಬೈಕುಗಳಲ್ಲಿ ಕ್ಯಾಮ್ 180 ಡಿಗ್ರಿ ತಿರುಗಿಯೂ ಕೂರುತ್ತದೆ, ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ.

ಹೊಸ ಪಾಯಿಂಟಿನ ಮುಖದ ಮೇಲೆ ತುಕ್ಕು ಬಾರದಿರಲೆಂದು ಎಣ್ಣೆಯ ಪದರ ಬಳಿದಿರುತ್ತಾರೆ. ಕಾಗದವನ್ನು ಆಲ್ಕೋಹಾಲಿನಲ್ಲಿ ಅದ್ದಿ, ಪಾಯಿಂಟಿನ ನಡುವೆ ಇಟ್ಟು, ಮುಚ್ಚಿ, ಎಳೆಯಿರಿ. ಕಾಗದ ಬಿಳಿಯಾಗಿ ಹೊರಬರುವ ತನಕ ಮಾಡಿ. ಕೊನೆಗೆ ಒಣ ಕಾಗದ. ಅದನ್ನು ಕೊನೆಯಲ್ಲಿ ಹೊರಗೆ ತೆಗೆಯುವಾಗ ಪಾಯಿಂಟ್ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಕಾಗದದ ನಾರು ಅಲ್ಲೇ ಉಳಿಯುತ್ತದೆ. ತಿರುಗುವ ಪಿನ್ನಿಗೆ ಒಂದೇ ಹನಿ ಎಣ್ಣೆ, ಕ್ಯಾಮಿಗೆ ತಾಗುವ ಹೀಲ್ ಹತ್ತಿರ ಅಕ್ಕಿಕಾಳಿನಷ್ಟು ಗ್ರೀಸ್. ಅದಕ್ಕಿಂತ ಜಾಸ್ತಿ ಬೇಡ.

ಜೋಡಿಸಿದ ಮೇಲೆ ಕಾಯಿಲಿನ ವೈರ್ ಸೇರಿಸುವ ಮೊದಲೇ ಮೀಟರ್ ಇಡಿ. ಟರ್ಮಿನಲ್ಲಿಗೂ ಬೇಸ್ ಪ್ಲೇಟಿಗೂ ನಡುವೆ, ಪಾಯಿಂಟ್ ಮುಚ್ಚಿದಾಗ ಸೊನ್ನೆಯ ಹತ್ತಿರ, ತೆರೆದಾಗ ಸಂಪರ್ಕವೇ ಇಲ್ಲ ಅಂತ ತೋರಿಸಬೇಕು. ಈ ಪರೀಕ್ಷೆ ಪಾಸಾಗದೆ ಮುಂದೆ ಹೋಗಬೇಡಿ.

ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ

ಈ ಕ್ರಮ ಯಾಕೆ ಅಂದರೆ, ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ. ಗ್ಯಾಪ್ ದೊಡ್ಡದಾದರೆ ಕ್ಯಾಮ್ ಪಾಯಿಂಟನ್ನು ಬೇಗ ತೆರೆಯುತ್ತದೆ, ಟೈಮಿಂಗ್ ಅಡ್ವಾನ್ಸ್ ಆಗುತ್ತದೆ. ಚಿಕ್ಕದಾದರೆ ತಡವಾಗಿ, ಅಂದರೆ ರಿಟಾರ್ಡ್. ಟೈಮಿಂಗ್ ಹೊಂದಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸ ಹೋಯಿತು.

ಇಂಜಿನ್ ಓಡುವ ದಿಕ್ಕಿನಲ್ಲೇ ಕ್ರ್ಯಾಂಕ್ ನಟ್ಟಿನಿಂದ ತಿರುಗಿಸುತ್ತಾ, ಪಾಯಿಂಟ್ ಅತಿ ಹೆಚ್ಚು ತೆರೆಯುವ ಜಾಗದಲ್ಲಿ ನಿಲ್ಲಿಸಿ. ಬಹಳಷ್ಟು ಹಳೇ ಬೈಕುಗಳಿಗೆ ಗ್ಯಾಪ್ 0.30ರಿಂದ 0.40 ಮಿ.ಮೀ. ಒಳಗಿರುತ್ತದೆ. ನಿಖರ ಅಂಕಿ ಮ್ಯಾನುವಲ್‌ನಲ್ಲಿ ನೋಡಿ. 0.35 ಬೇಕಿದ್ದರೆ, 0.35ರ ಎಲೆ ಎರಡೂ ಮುಖಗಳಿಗೆ ತಾಗಿಕೊಂಡು ಲಘುವಾಗಿ ಉಜ್ಜುತ್ತಾ ಹೋಗಬೇಕು, ಸ್ಪ್ರಿಂಗ್ ಅಲ್ಲಾಡಬಾರದು. 0.40ರ ಎಲೆ ತಳ್ಳಿದರೆ ಪಾಯಿಂಟ್ ಕದಲಬೇಕು. ಲಾಕ್ ಸ್ಕ್ರೂ ಬಿಗಿ ಮಾಡುವಾಗ ಪಾಯಿಂಟ್ ಸ್ವಲ್ಪ ಜರುಗುತ್ತದೆ, ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಲೇಬೇಕು. ಗೇಜಿನ ಎಲೆಯಲ್ಲಿ ಎಣ್ಣೆ ಇರುತ್ತದೆ, ಕೊನೆಗೆ ಇನ್ನೊಮ್ಮೆ ಕಾಗದ ಎಳೆಯಿರಿ.

ಈಗ ಬಲ್ಬ್. ಅದರ ಒಂದು ವೈರನ್ನು ಪಾಯಿಂಟ್ ಟರ್ಮಿನಲ್ಲಿಗೆ, ಇನ್ನೊಂದನ್ನು ಇಂಜಿನ್ನಿಗೆ ಸಿಕ್ಕಿಸಿ. ಕಾಯಿಲಿನ ವೈರ್, ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಪಾಯಿಂಟಿನ ಮೂಲಕವೇ ಹೋಗುತ್ತದೆ, ಬಲ್ಬ್ ಉರಿಯುವುದಿಲ್ಲ. ತೆರೆದ ಕ್ಷಣ ಉರಿಯುತ್ತದೆ. ಕಿಡಿ ಹಾರುವ ಕ್ಷಣವೂ ಅದೇ ಅಲ್ವಾ? ನಿಧಾನವಾಗಿ ಇಂಜಿನ್ ತಿರುಗಿಸಿ. ಇಂಜಿನ್ ಜೊತೆ ತಿರುಗುವ ರೋಟರಿನ 'ಎಫ್' ಗುರುತು ಕೇಸಿನ ಗೆರೆಗೆ ಸೇರುವಾಗ ಸರಿಯಾಗಿ ಬಲ್ಬ್ ಹೊತ್ತಿಕೊಳ್ಳಬೇಕು. 'ಟಿ' ಗುರುತು ಪಿಸ್ಟನ್ ತುದಿ ಮುಟ್ಟುವ ಜಾಗ, ಅದನ್ನೇ 'ಎಫ್' ಎಂದು ತಿಳಿಯಬೇಡಿ. ಫೋರ್-ಸ್ಟ್ರೋಕ್‌ನಲ್ಲಿ ಪಾಯಿಂಟ್ ಕ್ಯಾಮ್‌ಶಾಫ್ಟಿನಲ್ಲಿದ್ದರೆ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಇರಬೇಕು. ಗುರುತು ಇಲ್ಲದ ಟೂ-ಸ್ಟ್ರೋಕ್‌ಗಳಿಗೆ ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ತುದಿಗಿಂತ ಎಷ್ಟು ಮಿ.ಮೀ. ಮೊದಲು ಅಂತ ಅಳೆಯುತ್ತಾರೆ. ಕೆಲವು ಬೈಕುಗಳ ಮ್ಯಾನುವಲ್ ಪೂರ್ಣ ಅಡ್ವಾನ್ಸ್‌ನ ಅಂಕಿ ಕೊಡುತ್ತದೆ. ಅಲ್ಲಿ ಕ್ಯಾಮನ್ನು ಪೂರ್ತಿ ಮುಂದಕ್ಕೆ ತಿರುಗಿಸಿ ಹಿಡಿದು ಹೊಂದಿಸಬೇಕು.

ಬಲ್ಬ್ ತಡವಾಗಿ ಉರಿದರೆ ಬೇಸ್ ಪ್ಲೇಟನ್ನು ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಸ್ವಲ್ಪ ಸರಿಸಿ. ಬೇಗ ಉರಿದರೆ ಅದೇ ದಿಕ್ಕಿಗೆ ಸರಿಸಿ. ಗುರುತು ದಾಟಿ ಹೋದರೆ ಬರೀ ಅಷ್ಟೇ ಹಿಂದಕ್ಕೆ ತಂದು ನಿಲ್ಲಿಸಬೇಡಿ. ಗೇರ್, ಚೈನ್‌ಗಳ ಸಡಿಲ ಅಳತೆ ತಪ್ಪಿಸುತ್ತದೆ. ಚೆನ್ನಾಗಿ ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ.

ಎರಡು ಪಾಯಿಂಟಿನ ಬೈಕಾದರೆ ಮೊದಲನೆಯದನ್ನು ದೊಡ್ಡ ಪ್ಲೇಟಿನಿಂದ, ಎರಡನೆಯದನ್ನು ಅದರ ಮೇಲಿನ ಸಣ್ಣ ಪ್ಲೇಟಿನಿಂದ ಹೊಂದಿಸಿ. 1969ರಲ್ಲಿ ಬಂದ ಹೋಂಡಾ ಸಿಬಿ 750ರಂಥ ನಾಲ್ಕು ಸಿಲಿಂಡರ್ ಬೈಕಿನಲ್ಲಿ 1-4ರ ಜೋಡಿ ಮೊದಲು, 2-3 ಆಮೇಲೆ. ಕ್ರಮ ತಿರುಗುಮುರುಗಾದರೆ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.

ಕಾಯಿಲ್ ಬದಲಿಸುವುದು

ಇಷ್ಟೆಲ್ಲ ಪರೀಕ್ಷೆಯ ನಂತರವೂ ಕಾಯಿಲ್ ತಪ್ಪಿತಸ್ಥ ಅಂತ ಸಿಕ್ಕಿದರೆ, ಹೊಸದನ್ನು ಆರಿಸುವಾಗ ಮುಖ್ಯವಾದದ್ದು ಪ್ರೈಮರಿ ಓಮ್. ಎಲೆಕ್ಟ್ರಾನಿಕ್ ಇಗ್ನಿಷನ್ ಬೈಕುಗಳ ಕಾಯಿಲ್ ನೋಡಲು ಹಾಗೇ ಇರುತ್ತದೆ, ಬ್ರಾಕೆಟ್ಟಿಗೂ ಕೂರುತ್ತದೆ. ಆದರೆ ಬಹುತೇಕ ಅವುಗಳ ಪ್ರೈಮರಿ ತೀರಾ ಕಡಿಮೆ. 12 ವೋಲ್ಟಿಗೆ 4 ಓಮ್ ಇದ್ದರೆ 3 ಆಂಪಿಯರ್ ಹರಿಯುತ್ತದೆ, 1 ಓಮ್ ಇದ್ದರೆ 12 ಆಂಪಿಯರ್. ಅಷ್ಟನ್ನು ಪಾಯಿಂಟ್ ತಡೆಯುವುದಿಲ್ಲ, ಬೇಗ ಸುಟ್ಟುಹೋಗುತ್ತದೆ. ಹಳೇ ಕಾಯಿಲಿನ ಮೂಲ ಅಂಕಿಗೆ ಹತ್ತಿರವಿರುವುದನ್ನೇ ಹುಡುಕಿ. ಒಂದು ಎಚ್‌ಟಿ ವೈರಿನದೋ ಎರಡರದೋ ಅನ್ನುವುದೂ ಹೊಂದಬೇಕು.

ಬ್ಯಾಟರಿ ವೈರ್ ಕಳಚಿ. ಹಲವು ಬೈಕುಗಳಲ್ಲಿ ಕಾಯಿಲ್ ಟ್ಯಾಂಕಿನ ಕೆಳಗಿರುತ್ತದೆ, ಪೆಟ್ರೋಲ್ ಕಾಕ್ ಮುಚ್ಚಿ ಟ್ಯಾಂಕ್ ತೆಗೆಯಿರಿ. ವೈರ್‌ಗಳ ಬಣ್ಣ ಬರೆದಿಟ್ಟುಕೊಳ್ಳಿ. ಬ್ರಾಕೆಟ್ ಮತ್ತು ಫ್ರೇಮಿನ ನಡುವಿನ ತುಕ್ಕು ಉಜ್ಜಿ, ಹೊಸದನ್ನು ಕೂರಿಸಿ. ಬೋಲ್ಟ್‌ಗಳನ್ನು ಹದವಾಗಿ ಬಿಗಿ ಮಾಡಿ. ಪ್ಲಾಸ್ಟಿಕ್ ಮೈಯ ಕಾಯಿಲ್ ಅತಿಯಾಗಿ ಬಿಗಿದರೆ ಬಿರಿಯುತ್ತದೆ.

ನೆಗೆಟಿವ್ ಅರ್ಥ್ ಬೈಕಿನಲ್ಲಿ ಸ್ವಿಚ್ಚಿನ ವೈರ್ ಪ್ಲಸ್ಸಿಗೆ, ಪಾಯಿಂಟಿನ ವೈರ್ ಮೈನಸ್ಸಿಗೆ. ಪಾಸಿಟಿವ್ ಅರ್ಥ್ ಬೈಕಿನಲ್ಲಿ ಇದು ಉಲ್ಟಾ: ಸ್ವಿಚ್ ಕಡೆಯದು ಮೈನಸ್ಸಿಗೆ, ಪಾಯಿಂಟಿನದು ಪ್ಲಸ್ಸಿಗೆ. ಬ್ರಿಟನ್ನಿನ ಲೂಕಾಸ್ ಕಂಪನಿಯ ಹಳೇ ಕಾಯಿಲುಗಳ ಮೇಲೆ ಪ್ಲಸ್ ಮೈನಸ್ ಬದಲು 'ಎಸ್‌ಡಬ್ಲ್ಯೂ' ಮತ್ತು 'ಸಿಬಿ' ಅಂತ ಇರುತ್ತದೆ. ಮೊದಲನೆಯದು ಸ್ವಿಚ್ಚಿನದು, ಎರಡನೆಯದು ಪಾಯಿಂಟಿನದು. ತಿರುಗಿಸಿ ಕೊಟ್ಟರೂ ಬೈಕು ಓಡುತ್ತದೆ, ಆದರೆ ಪ್ಲಗ್ಗಿನಲ್ಲಿ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಪ್ಲಗ್ಗಿನ ಬಿಸಿಯಾದ ನಡುಗಡ್ಡಿ ನೆಗೆಟಿವ್ ಆಗಿದ್ದರೆ ಕಿಡಿ ಸುಲಭ.

ಎಚ್‌ಟಿ ವೈರ್ ಹಳೆಯದೇ ಆದರೆ ತುದಿಯಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಮಾಡಿ, ಕ್ಯಾಪನ್ನು ಸ್ಕ್ರೂನಂತೆ ತಿರುಗಿಸಿ ಕೂರಿಸಿ. ವೈರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸ 7 ಮಿ.ಮೀ. ತಾಮ್ರದ ವೈರ್ ಹಾಕಿ.

ಸ್ಟಾರ್ಟ್ ಮಾಡುವ ಮುನ್ನ, ಮಾಡಿದ ಮೇಲೆ

ಒಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಎರಡು ಎಚ್‌ಟಿ ವೈರಿನ ಕಾಯಿಲಾದರೆ ಎರಡಕ್ಕೂ ಪ್ಲಗ್ ಇರಲೇಬೇಕು. ಕಿಡಿಗೆ ದಾರಿ ಇಲ್ಲದಿದ್ದರೆ ಆ ವೋಲ್ಟೇಜ್ ಕಾಯಿಲಿನೊಳಗಿನ ಇನ್ಸುಲೇಷನ್ನನ್ನೇ ಸೀಳುತ್ತದೆ. ದಪ್ಪಗೆ, ನೀಲಿ-ಬಿಳಿ ಬಣ್ಣದಲ್ಲಿ, ಚಟ್ ಚಟ್ ಸದ್ದು ಮಾಡುವ ಕಿಡಿ ಬೇಕು. ತೆಳ್ಳಗೆ ಕೇಸರಿ ಬಣ್ಣದಲ್ಲಿದ್ದರೆ ಕೀ ಆನ್ ಇಟ್ಟು, ಪಾಯಿಂಟ್ ಮುಚ್ಚಿ, ಅದರ ಟರ್ಮಿನಲ್ಲಿಗೂ ಇಂಜಿನ್ನಿನ ಲೋಹಕ್ಕೂ ನಡುವೆ ವೋಲ್ಟೇಜ್ ಅಳೆಯಿರಿ. 0.2 ವೋಲ್ಟಿಗಿಂತ ಜಾಸ್ತಿ ಇದ್ದರೆ ಮುಖ ಇನ್ನೂ ಕೊಳೆಯಾಗಿದೆ, ಅಥವಾ ಬೇಸ್ ಪ್ಲೇಟಿನ ಅರ್ಥ್ ಸರಿಯಿಲ್ಲ.

ಇಂಜಿನ್ ಓಡತೊಡಗಿದ ಮೇಲೆ ಪ್ರತಿ ಕಿಡಿಗೂ ಮಿಂಚುವ ಟೈಮಿಂಗ್ ಲೈಟ್ ಇದ್ದರೆ ಹಾಕಿ ನೋಡಿ. ಐಡ್ಲಿಂಗ್‌ನಲ್ಲಿ 'ಎಫ್' ಗುರುತು ಗೆರೆಯ ಮೇಲೆ ಅಲ್ಲಾಡದೆ ನಿಲ್ಲಬೇಕು. ಆಕ್ಸಿಲರೇಟರ್ ಕೊಟ್ಟಂತೆ ಸರಾಗವಾಗಿ ಜರುಗಿ ಪೂರ್ಣ ಅಡ್ವಾನ್ಸ್‌ನ ಗೆರೆಗಳ ನಡುವೆ ಬಂದು ನಿಲ್ಲಬೇಕು. ಗುರುತು ಎಗರಾಡುತ್ತಿದ್ದರೆ ಅಡ್ವಾನ್ಸ್ ಯೂನಿಟ್ಟೋ ಶಾಫ್ಟಿನ ಬುಷ್ಷೋ ಸವೆದಿದೆ. ಐಡ್ಲಿಂಗ್ ಗುರುತು, ಪೂರ್ಣ ಅಡ್ವಾನ್ಸ್ ಗುರುತು ಎರಡೂ ಒಟ್ಟಿಗೆ ಹೊಂದದಿದ್ದರೆ ಪೂರ್ಣ ಅಡ್ವಾನ್ಸ್ ಸರಿಯಾಗಿರಲಿ. ಲೋಡ್ ಬಿದ್ದಾಗ ಪಿಸ್ಟನ್ನಿನ ಕ್ಷೇಮ ಇರುವುದು ಅಲ್ಲಿ.

ಹೊಸ ಪಾಯಿಂಟಿನ ಹೀಲ್ ಮೊದಲ ದಿನಗಳಲ್ಲಿ ಬೇಗ ಸವೆದು ಕ್ಯಾಮಿನ ಮೇಲೆ ಹದವಾಗಿ ಕೂರುತ್ತದೆ. ಅಷ್ಟರಲ್ಲಿ ಗ್ಯಾಪ್ ಚಿಕ್ಕದಾಗಿ ಟೈಮಿಂಗ್ ಹಿಂದೆ ಬಿದ್ದಿರುತ್ತದೆ. ಹಾಗಾಗಿ 500 ಕಿಲೋಮೀಟರ್ ಓಡಿದ ಮೇಲೆ ಕವರ್ ತೆಗೆದು ಗ್ಯಾಪ್ ನೋಡಿ, ಸರಿಪಡಿಸಿ, ಬಲ್ಬ್ ಹಾಕಿ ಟೈಮಿಂಗನ್ನೂ ಮತ್ತೆ ನೋಡಿ. ಆಮೇಲೆ ಮ್ಯಾನುವಲ್ ಹೇಳುವ ಅಂತರಕ್ಕೆ ನೋಡಿದರೆ ಸಾಕು. ಬಿಚ್ಚಿದ ಹಳೇ ಪಾಯಿಂಟ್ ಉಪಯೋಗಕ್ಕೆ ಬರುವಂತಿದ್ದರೆ ಎಸೆಯಬೇಡಿ. ಉಜ್ಜಿ, ಕಾಗದದಲ್ಲಿ ಸುತ್ತಿ, ಫೀಲರ್ ಗೇಜ್ ಜೊತೆ ಟೂಲ್‌ಕಿಟ್‌ನಲ್ಲಿ ಇಡಿ.